ಹೊಗೆ, ಪೀಪಾಯಿ, ಬಿಸಿಲು

ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಯಲ್ಲಿ ಕಳೆದ ವರ್ಷ ಒಂದು ಪ್ರಸಂಗ ನಡೆಯಿತು. ಕನ್ನಡನಾಡಿನ ಕೈಗಾರಿಕೆಗಳನ್ನು ಕುರಿತ ಪಾಠ ಸಾಗಿದ್ದಿತು. ಮೈಸೂರಿನ ಗಂಧದೆಣ್ಣೆ, ಭದ್ರಾವತಿಯ ಕಬ್ಬಿಣ, ಚನ್ನಪಟ್ಟಣದ ಬೊಂಬೆ, ಇಳಕಲ್ಲಿನ ಸೀರೆ ಎಂದು ನಾನು ಒಂದೊಂದಾಗಿ ಹೇಳಿಕೊಂಡು ಹೋಗುತ್ತಿರಲು, ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದುನಿಂತು, “ಮೇಷ್ಟ್ರೇ, ಬೆಂಗಳೂರಿನಲ್ಲಿ ಮಾಡುವ ವಿಸ್ಕಿ ಲೋಕದಲ್ಲೇ ಮೇಲಾದುವುಗಳಲ್ಲಿ ಒಂದಂತೆ. ಅದು ನಮಗೆ ಹೆಮ್ಮೆಯೋ ನಾಚಿಕೆಯೋ?” ಎಂದು ಕೇಳಿದನು. ಉಳಿದ ಮಕ್ಕಳು ನಕ್ಕರು. ಕೇಳಿದವನು ಮಾತ್ರ ನಗಲಿಲ್ಲ. ಅವನ ತಂದೆ ಮಗ್ಗದ ಕೂಲಿಯವನು. ಬಟವಾಡೆಯ ದಿನ ಆತನು ಮನೆ ಸೇರುವ ಹೊತ್ತು ಇಂತಹುದೆಂದು ಯಾರಿಗೂ ಹೇಳಲಾಗದೆಂಬುದು ನಮ್ಮ ಬೀದಿಗೆಲ್ಲ ತಿಳಿದ ಸಂಗತಿ.

ಆ ಹೊತ್ತಿಗೆ ನನಗೆ ಉತ್ತರ ತೋಚಲಿಲ್ಲ. “ಇದು ಪಾಠದಲ್ಲಿಲ್ಲ, ಕುಳಿತುಕೋ” ಎಂದುಬಿಟ್ಟೆನು. ಉಪಾಧ್ಯಾಯನಾದವನು ಹಾಗೆ ಹೇಳಬಾರದಾಗಿತ್ತು. ಅಂದಿನಿಂದ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಈ ಲೇಖನವು ಆ ಹುಡುಗನಿಗೆ ನಾನು ತೀರಿಸಬೇಕಾದ ಸಾಲವೆಂದು ವಾಚಕರು ತಿಳಿಯಬೇಕು.

೧

ಕೆಲವು ತಿಂಗಳ ತರುವಾಯ ಬೆಂಗಳೂರಿಗೆ ಹೋಗುವ ಸಂದರ್ಭ ಒದಗಿತು. ನನ್ನ ಹಳೆಯ ಶಿಷ್ಯನೊಬ್ಬನು ರಸಾಯನಶಾಸ್ತ್ರವನ್ನು ಓದಿ, ಪಾನೀಯಗಳ ಗುಣಪರೀಕ್ಷೆ ಮಾಡುವ ವೃತ್ತಿಯಲ್ಲಿ ಅಲ್ಲಿಯೇ ನೆಲೆಸಿರುವನು. ಊಟವಾದ ಮೇಲೆ ಹುಡುಗನ ಪ್ರಶ್ನೆಯನ್ನು ಅವನಿಗೆ ಹೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಬೀರುವಿನಿಂದ ಒಂದು ಸೀಸೆಯನ್ನೂ ತಾವರೆ ಮೊಗ್ಗಿನ ಆಕಾರದ ಒಂದು ಗಾಜಿನ ಬಟ್ಟಲನ್ನೂ ತಂದು ನನ್ನೆದುರಿಗಿಟ್ಟನು. ಹೊಗೆಯಲ್ಲಿ ಒಣಗಿಸಿದ ಬಾರ್ಲಿಯಿಂದ ಭಟ್ಟಿಯಿಳಿಸಿ, ಶೆರ್ರಿ ಎಂಬ ಸ್ಪೇನ್ ದೇಶದ ದ್ರಾಕ್ಷಾಮದ್ಯವಿದ್ದ ಪೀಪಾಯಿಯಲ್ಲಿ ಹಲವು ವರ್ಷ ಇಟ್ಟು ಬಲಿಸಿದ ಬೆಂಗಳೂರಿನ ವಿಸ್ಕಿ ಅದು. ಮೊಳಕೆ ಬರಿಸಿದ ಬಾರ್ಲಿಯೊಂದರಿಂದಲೇ, ಒಂದೇ ಭಟ್ಟಿಮನೆಯಲ್ಲಿ ತಯಾರಾದ ಇಂತಹ ವಿಸ್ಕಿಯನ್ನು ಸಿಂಗಲ್ ಮಾಲ್ಟ್ ಎಂದು ಕರೆಯುವರು.

ನಾನು ನೇಕಾರರ ಮನೆಯಲ್ಲಿ ಹುಟ್ಟಿದವನು. ನಮ್ಮ ಮನೆಯಲ್ಲಿ ಈ ವಸ್ತುವಿನ ಹೆಸರೆತ್ತುವುದಕ್ಕೂ ನಿಷೇಧವಿದ್ದಿತು. ನಾನು ಹಿಂಜರಿಯುವುದನ್ನು ಕಂಡು ಶಿಷ್ಯನು, “ಕುಡಿಯಬೇಕಾಗಿಲ್ಲ ಸಾರ್. ಮೂಸಿ ನೋಡಿ, ಸಾಕು. ನಾವು ಕೆಲಸ ಮಾಡುವುದು ಮುಕ್ಕಾಲುಪಾಲು ಮೂಗಿನಿಂದಲೇ. ನಾಲಗೆಗೆ ಬಿಟ್ಟುಕೊಂಡದ್ದನ್ನೂ ಉಗುಳಿಬಿಡುತ್ತೇವೆ. ಇಲ್ಲವಾದರೆ ದಿನಕ್ಕೆ ಹತ್ತಾರು ಬಟ್ಟಲುಗಳನ್ನು ಪರೀಕ್ಷಿಸುವುದೆಂತು?” ಎಂದನು. ಅನಂತರ ಬಟ್ಟಲಿಗೆ ಅಷ್ಟೇ ನೀರು ಬೆರಸಿದನು. ನೀರು ಬೆರತಾಗ ಮದ್ಯಸಾರದ ಉರಿ ತಗ್ಗಿ, ಒಳಗಿನ ವಾಸನೆಗಳು ಬಿಡಿಬಿಡಿಯಾಗಿ ತೋರುವುವಂತೆ.

ಬಟ್ಟಲನ್ನು ಮೂಗಿನ ಬಳಿಗೆ ತಂದಾಗ ಮೊದಲು ಎದುರಾದುದು ಹೊಗೆ. ಮಳೆಗಾಲದಲ್ಲಿ ನೆನೆದ ಸೌದೆಯನ್ನು ಒಲೆಗೆ ಹಾಕಿ ನಮ್ಮ ತಾಯಿ ಊದುಕೊಳವೆ ಹಿಡಿದಾಗ ಅಡುಗೆಮನೆಯ ತುಂಬ ಕವಿಯುತ್ತಿದ್ದ ಹೊಗೆಯೇ ಅದು. ಅದರ ಬೆನ್ನಿಗೆ ಆಸ್ಪತ್ರೆಯ ನೆಲ ತೊಳೆದಾಗ ಬರುವಂತಹ ತೀಕ್ಷ್ಣ ವಾಸನೆ ಒಂದಿಷ್ಟು. ಸ್ವಲ್ಪ ಕಾದರೆ ಹೊಗೆಯ ಮರೆಯಿಂದ ಒಣದ್ರಾಕ್ಷಿ, ಖರ್ಜೂರ, ಕಿತ್ತಳೆಯ ಸಿಪ್ಪೆ, ಆಲೆಮನೆಯ ಕೊಪ್ಪರಿಗೆಯಲ್ಲಿ ಕೆಂಪೇರುತ್ತಿರುವ ಪಾಕ, ಇವು ಒಂದರ ಹಿಂದೆ ಒಂದಾಗಿ ಬಂದುವು. ಒಂದೇ ಒಂದು ತೊಟ್ಟನ್ನು ನಾಲಗೆಯ ಮೇಲೆ ಬಿಟ್ಟುಕೊಂಡೆನು. ಅದನ್ನು ಮರೆಮಾಚುವುದರಿಂದ ಪ್ರಯೋಜನವಿಲ್ಲ. ಮೊದಲು ಸಿಹಿ, ಆಮೇಲೆ ಕಾರ, ಕೊನೆಯಲ್ಲಿ ಎಳೆಯ ಅಡಿಕೆಯನ್ನು ಅಗಿದಂತಹ ಒಗರು. ಎಲ್ಲ ಅಡಗಿದ ಮೇಲೆ ಮತ್ತೆ ಹೊಗೆ. ಬಟ್ಟಲನ್ನು ಕೆಳಗಿಟ್ಟು, “ಇಷ್ಟೆಲ್ಲ ಇದರೊಳಗೆ ಎಲ್ಲಿಂದ ಬಂತಪ್ಪ?” ಎಂದು ಕೇಳಿದೆನು. ಶಿಷ್ಯನು ನಕ್ಕು, “ಸಾರ್, ಹಿಂದೆ ನೀವು ನಮಗೆ ಶಾಸನ ಓದಲು ಕಲಿಸಿದಿರಿ. ಇದೂ ಒಂದು ಶಾಸನವೇ. ಹೊಗೆ ಒಂದು ದೇಶದ್ದು, ಪೀಪಾಯಿ ಇನ್ನೊಂದು ದೇಶದ್ದು, ಬಿಸಿಲು ನಮ್ಮದು” ಎಂದನು. ಅವನು ಹೇಳಿದ ಮೂರನ್ನೂ ಒಂದೊಂದಾಗಿ ಪರಿಶೀಲಿಸೋಣ.

೨

ಮೊದಲನೆಯದು ಹೊಗೆ.

ವಿಸ್ಕಿ ಎಂಬ ಮಾತು ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯ ‘ಉಷ್ಕ ಬೆಹಾ’ ಎಂಬುದರ ಅಪಭ್ರಂಶ. ಅದರ ಅರ್ಥ ‘ಜೀವಜಲ’. ಆ ದೇಶದಲ್ಲಿ ಇದರ ಮೊದಲ ಲಿಖಿತ ದಾಖಲೆ ೧೪೯೪ನೆಯ ವರ್ಷದ ರಾಜಭಂಡಾರದ ಲೆಕ್ಕಪತ್ರದಲ್ಲಿ ದೊರೆಯುತ್ತದೆ. ಜೀವಜಲವನ್ನು ಮಾಡುವುದಕ್ಕಾಗಿ, ದೊರೆಯ ಅಪ್ಪಣೆಯಂತೆ, ಜಾನ್ ಕಾರ್ ಎಂಬ ಸಂನ್ಯಾಸಿಗೆ ಎಂಟು ಬೋಲ್ ಮೊಳಕೆಕಾಳನ್ನು ಕೊಟ್ಟ ಲೆಕ್ಕ ಅದರಲ್ಲಿದೆ. ಆಗ ಆಳುತ್ತಿದ್ದವನು ನಾಲ್ಕನೆಯ ಜೇಮ್ಸ್. ಮಠಗಳಲ್ಲಿ ಔಷಧವಾಗಿ ಹುಟ್ಟಿದ ಪದಾರ್ಥವು ಮುಂದೆ ರೈತರ ಗುಡಿಸಲುಗಳಿಗೂ, ಅಲ್ಲಿಂದ ಸುಂಕದ ಕಟ್ಟೆಗೂ ಬಂದ ಬಗೆಯನ್ನು ಹೇಳಹೊರಟರೆ ಅದೇ ಒಂದು ಗ್ರಂಥವಾದೀತು.

ಮಾಡುವ ವಿಧಾನವನ್ನು ನಮ್ಮ ಮನೆಗಳ ಹೆಂಗಸರು ಅರ್ಧ ಬಲ್ಲರು. ಮಗುವಿನ ಗಂಜಿಗಾಗಿ ರಾಗಿಯನ್ನು ನೆನೆಯಿಟ್ಟು, ಬಟ್ಟೆಯಲ್ಲಿ ಕಟ್ಟಿ, ಮೊಳಕೆಯೊಡೆದ ಮೇಲೆ ಒಣಗಿಸಿ ಹುರಿಯುವರಲ್ಲವೆ? ಮೊಳಕೆ ಬಂದಾಗ ಕಾಳಿನ ಪಿಷ್ಟವು ಸಕ್ಕರೆಯಾಗಿ ಮಾರ್ಪಡಲು ಹದಗೊಳ್ಳುವುದು. ಬಾರ್ಲಿಗೂ ಅದೇ ಕ್ರಮ. ಆ ಕಾಳನ್ನು ನುಚ್ಚುಮಾಡಿ, ಬಿಸಿನೀರಿನಲ್ಲಿ ಸಿಹಿಯನ್ನು ಇಳಿಸಿಕೊಂಡು, ಹುದುಗೆಬ್ಬಿಸಿ, ತಾಮ್ರದ ಭಟ್ಟಿಯಲ್ಲಿ ಎರಡು ಸಲ ಕಾಯಿಸಿ ಆವಿಯನ್ನು ತಣಿಸಿ ಹಿಡಿಯುವರು. ಆದರೆ ಮೊಳಕೆಕಾಳನ್ನು ಒಣಗಿಸಲು ನಮಗಿರುವಂತೆ ಸ್ಕಾಟ್ಲೆಂಡಿನವರಿಗೆ ಬಿಸಿಲಿಲ್ಲ. ಐಲಾ ಮೊದಲಾದ ಪಶ್ಚಿಮದ ದ್ವೀಪಗಳಲ್ಲಿ ಮರವೂ ಅಪರೂಪ. ಅಲ್ಲಿ ಯಥೇಚ್ಛವಾಗಿದ್ದುದು ಪೀಟ್ ಎಂಬ ಮಣ್ಣು. ಜೌಗುನೆಲದಲ್ಲಿ ಹಾವಸೆ, ಹುಲ್ಲು, ಪೊದೆಗಳು ಪೂರ್ತಿ ಕೊಳೆಯದೆ ಪದರಪದರವಾಗಿ ಕೂಡಿ ಆದುದು ಅದು. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಬೆಳೆಯುವುದೆಂದು ಲೆಕ್ಕ ಹಿಡಿದರೆ ಒಂದು ಅಡಿ ಪೀಟ್ ಆಗಲು ೩೦೦ ವರ್ಷ ಬೇಕು. ಅದನ್ನು ಇಟ್ಟಿಗೆಯಂತೆ ಕೊಯ್ದು, ಗಾಳಿಗೆ ಒಣಗಿಸಿ, ಒಲೆಗೆ ಹಾಕಿದರು. ಪೀಟಿನ ದಟ್ಟವಾದ ಹೊಗೆಯು ಹಸಿ ಕಾಳಿಗೆ ಹತ್ತಿಕೊಂಡಿತು. ಆ ಹೊಗೆಯ ಫೀನಾಲ್ ಎಂಬ ದ್ರವ್ಯಗಳು ಭಟ್ಟಿಯಲ್ಲಿಯೂ ಹೋಗದೆ ಬಟ್ಟಲಿನವರೆಗೆ ಬಂದುವು. ನನ್ನ ಮೂಗಿಗೆ ಆಸ್ಪತ್ರೆಯ ನೆನಪು ತಂದದ್ದು ಈ ಫೀನಾಲೇ.

ಹೀಗೆ, ಹೊಗೆಯ ರುಚಿಯನ್ನು ಯಾರೂ ಬೇಕೆಂದು ಹುಡುಕಿ ಹೋಗಲಿಲ್ಲ. ಸೌದೆಯಿಲ್ಲದ ಬಡತನದಿಂದ ಅದು ಬಂದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲುಗಳು ಕಲ್ಲಿದ್ದಲನ್ನು ತಂದೊಪ್ಪಿಸಿದ ಮೇಲೆ ಒಳನಾಡಿನ ಅನೇಕ ಭಟ್ಟಿಮನೆಗಳು ಪೀಟನ್ನು ಬಹುಮಟ್ಟಿಗೆ ಬಿಟ್ಟುವು. ದ್ವೀಪದವರು ಬಿಡಲಿಲ್ಲ; ಅವರ ಕೊರತೆಯೇ ಅವರ ಗುರುತಾಯಿತು.

೩

ಎರಡನೆಯದು ಪೀಪಾಯಿ.

ಈ ಮಾತನ್ನು ಕನ್ನಡಕ್ಕೆ ತಂದವರು ಪೋರ್ತುಗೀಸರು. ಅವರ ಭಾಷೆಯಲ್ಲಿ ‘ಪೀಪ’ ಎಂದರೆ ದ್ರಾಕ್ಷಾಮದ್ಯವನ್ನು ತುಂಬುವ ಮರದ ಕಡಾಯ. ನಮ್ಮಲ್ಲಿ ಆ ಹೆಸರು ಸೀಮೆಎಣ್ಣೆಗೂ ಡಾಂಬರಿಗೂ ಸಂದು, ಮೂಲದ ವಾಸನೆಯನ್ನು ಕಳೆದುಕೊಂಡಿತು.

ಸ್ಪೇನ್ ದೇಶದ ದಕ್ಷಿಣದಲ್ಲಿ ಹೆರೆಸ್ ಎಂಬ ಊರುಂಟು. ಅರಬರು ಆಳುತ್ತಿದ್ದಾಗ ಅದಕ್ಕೆ ಶೆರೀಶ್ ಎಂದು ಹೆಸರು; ಇಂಗ್ಲಿಷರ ಬಾಯಲ್ಲಿ ಅದು ಶೆರ್ರಿಯಾಯಿತು. ಆ ಸೀಮೆಯ ದ್ರಾಕ್ಷಾಮದ್ಯಕ್ಕೆ ದ್ರಾಕ್ಷಿಯ ಭಟ್ಟಿಸಾರವನ್ನು ಬೆರಸಿ ಗಟ್ಟಿಮಾಡಿದರೆ ಅದು ಸಮುದ್ರಯಾನವನ್ನು ಕೆಡದೆ ತಾಳುವುದು. ಇಂಗ್ಲಿಷರಿಗೆ ಅದರ ಹುಚ್ಚು ಹಿಡಿದುದು ಹಳೆಯ ಕಾಲದಲ್ಲಿಯೇ. ೧೫೮೭ರಲ್ಲಿ ಫ್ರಾನ್ಸಿಸ್ ಡ್ರೇಕನು ಕಾಡಿಸ್ ಬಂದರನ್ನು ಸುಲಿದಾಗ ಕೈಗೆ ಬಂದ ಕೊಳ್ಳೆಯಲ್ಲಿ ಈ ಪೀಪಾಯಿಗಳೂ ಇದ್ದುವು. ಮುಂದಿನ ಶತಮಾನಗಳಲ್ಲಿ ಸುಮಾರು ೫೦೦ ಲೀಟರು ಹಿಡಿಯುವ ಓಕ್ ಮರದ ದೊಡ್ಡ ಪೀಪಾಯಿಗಳಲ್ಲಿ ಶೆರ್ರಿಯು ಹಡಗುಹಡಗಾಗಿ ಬ್ರಿಟನ್ನಿನ ರೇವುಗಳಿಗೆ ಬರುತ್ತಿದ್ದಿತು. ಮದ್ಯವನ್ನು ಸೀಸೆಗಳಿಗೆ ತುಂಬಿಕೊಂಡ ಮೇಲೆ ಬರಿದಾದ ಪೀಪಾಯಿಯನ್ನು ಸ್ಪೇನಿಗೆ ಹಿಂದಿರುಗಿಸುವುದು ದುಬಾರಿ. ರೇವಿನಲ್ಲಿ ರಾಶಿಬಿದ್ದ ಅವುಗಳನ್ನು ಸ್ಕಾಟ್ಲೆಂಡಿನ ಭಟ್ಟಿಯವರು ಅಗ್ಗದಲ್ಲಿ ಕೊಂಡು ತಮ್ಮ ಸರಕನ್ನು ತುಂಬಿಟ್ಟರು. ಕೆಲವು ವರ್ಷದ ಮೇಲೆ ತೆರೆದಾಗ ನೀರಿನಂತೆ ಬೆಳ್ಳಗಿದ್ದುದು ಕೆಂಪಗಾಗಿದ್ದಿತು; ಉರಿಯುತ್ತಿದ್ದುದು ಮೆದುವಾಗಿದ್ದಿತು; ಮರ ಹೀರಿಕೊಂಡಿದ್ದ ದ್ರಾಕ್ಷಿಯ ಪರಿಮಳ ಅದರಲ್ಲಿ ಇಳಿದಿದ್ದಿತು. ನನ್ನ ಬಟ್ಟಲಿನ ಒಣದ್ರಾಕ್ಷಿ, ಖರ್ಜೂರಗಳ ಮೂಲ ಇದು. ಒಗರು ಮಾತ್ರ ಓಕ್ ಮರದ್ದೇ. ಅಡಿಕೆಯಲ್ಲಿರುವ ಟ್ಯಾನಿನ್ ಜಾತಿಯ ದ್ರವ್ಯ ಆ ಮರದಲ್ಲಿಯೂ ಉಂಟು.

ಇಂದು ಸ್ಕಾಟ್ಲೆಂಡಿನ ಕಾನೂನಿನಂತೆ ಓಕ್ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಬಲಿಯದ ಸಾರಕ್ಕೆ ವಿಸ್ಕಿಯೆಂಬ ಹೆಸರಿಲ್ಲ. ಶೆರ್ರಿಯನ್ನು ಸ್ಪೇನಿನಲ್ಲಿಯೇ ಸೀಸೆಗೆ ತುಂಬಬೇಕೆಂಬ ನಿಯಮ ೧೯೮೦ರ ದಶಕದಲ್ಲಿ ಬಲಗೊಂಡ ಮೇಲೆ ರೇವಿನಲ್ಲಿ ಬಿಟ್ಟಿ ಸಿಗುತ್ತಿದ್ದ ಪೀಪಾಯಿ ನಿಂತುಹೋಯಿತು. ಈಗ ವಿಸ್ಕಿಯವರು ಹೊಸ ಪೀಪಾಯಿಗಳನ್ನು ಮಾಡಿಸಿ, ಅವುಗಳಲ್ಲಿ ಶೆರ್ರಿಯನ್ನು ಒಂದೆರಡು ವರ್ಷ ತುಂಬಿಸಿಟ್ಟು, ಅನಂತರ ಹೆಚ್ಚಿನ ಬೆಲೆ ತೆತ್ತು ತರಿಸಿಕೊಳ್ಳುವರು. ಹಿಂದೆ ಕಸವಾಗಿದ್ದುದು ಈಗ ಬಂಡವಾಳ.

೪

ಮೂರನೆಯದು ಬಿಸಿಲು. ಇಲ್ಲಿಂದ ಕಥೆ ಕನ್ನಡನಾಡಿಗೆ ಬರುತ್ತದೆ.

೧೯೪೮ರಲ್ಲಿ ಬೆಂಗಳೂರಿನಲ್ಲಿ ಜೆ. ಎನ್. ರಾಧಾಕೃಷ್ಣ ಜಗದಾಳೆಯವರು ಒಂದು ಮದ್ಯ ತಯಾರಿಕೆಯ ಸಂಸ್ಥೆಯನ್ನು ಆರಂಭಿಸಿ ಅದಕ್ಕೆ ‘ಅಮೃತ್’ ಎಂದು ಹೆಸರಿಟ್ಟರು. ಗೇಲಿಕ್ಕಿನ ‘ಜೀವಜಲ’ಕ್ಕೂ ನಮ್ಮ ‘ಅಮೃತ’ಕ್ಕೂ ಅರ್ಥದಲ್ಲಿ ಎಷ್ಟು ಸಾಮೀಪ್ಯವೆಂಬುದನ್ನು ಗಮನಿಸಬಹುದು. ಆದರೆ ಆಗ, ಮುಂದೆ ಬಹುಕಾಲ, ಭಾರತದಲ್ಲಿ ವಿಸ್ಕಿಯೆಂದು ಮಾರಾಟವಾಗುತ್ತಿದ್ದುದರಲ್ಲಿ ಹೆಚ್ಚಿನ ಪಾಲು ಧಾನ್ಯದ್ದಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಾಕಂಬಿಯಿಂದ ಇಳಿಸಿದ ಸಾರವದು.

ಈ ಕಾಕಂಬಿಯ ವಿಷಯದಲ್ಲಿ ನಮ್ಮ ಕೊಯಮತ್ತೂರಿನ ಹೆಸರನ್ನೂ ಹೇಳಬೇಕಾಗುವುದು. ೧೯೧೨ರಲ್ಲಿ ಇಲ್ಲಿ ಸ್ಥಾಪಿತವಾದ ಕಬ್ಬಿನ ತಳಿ ಸಂಶೋಧನಾಲಯದಲ್ಲಿ ಸಿ. ಎ. ಬಾರ್ಬರ್ ಮತ್ತು ಟಿ. ಎಸ್. ವೆಂಕಟರಾಮನ್ ಅವರು ನಾಡ ಕಬ್ಬಿಗೂ ಕಾಡು ಕಬ್ಬಿಗೂ ಸಂಕರ ಮಾಡಿ ಪಡೆದ ‘ಕೊ ೨೦೫’ ಎಂಬ ತಳಿ ೧೯೧೮ರಲ್ಲಿ ಉತ್ತರ ಹಿಂದೂಸ್ಥಾನದ ಹೊಲಗಳಿಗೆ ಹೋಯಿತು. ‘ಕೊ’ ಎಂದರೆ ಕೊಯಮತ್ತೂರು. ಆ ವಂಶದ ಕಬ್ಬುಗಳು ದೇಶಕ್ಕೆಲ್ಲ ಸಕ್ಕರೆಯನ್ನು ಕೊಟ್ಟುವು. ಸಕ್ಕರೆಯ ಹಿಂದೆಯೇ ಕಾಕಂಬಿಯನ್ನೂ ಕೊಟ್ಟುವು. ಯೂರೋಪಿನ ಕಾನೂನು ಧಾನ್ಯದಿಂದ ಆಗದುದನ್ನು ವಿಸ್ಕಿಯೆಂದು ಒಪ್ಪುವುದಿಲ್ಲವಾಗಿ, ಕಾಕಂಬಿಯ ಸಾರಕ್ಕೆ ಆ ಸಂತೆಯಲ್ಲಿ ಆ ಹೆಸರಿನಿಂದ ಪ್ರವೇಶವಿರಲಿಲ್ಲ.

ಅಮೃತ್ ಸಂಸ್ಥೆಯವರು ೧೯೮೦ರ ದಶಕದಲ್ಲಿ ಬಾರ್ಲಿಯಿಂದ ಸಾರವನ್ನು ಇಳಿಸತೊಡಗಿದರು. ಮೈಸೂರು ರಸ್ತೆಯ ಕಂಬೀಪುರದಲ್ಲಿ ಅವರ ಭಟ್ಟಿಮನೆ ಇದೆ. ಬಾರ್ಲಿ ಉತ್ತರದ ಪಂಜಾಬ, ಹರಿಯಾಣ, ರಾಜಸ್ಥಾನಗಳದು. ಮೊದಲು ಆ ಸಾರವು ಬೇರೆ ಮದ್ಯಗಳೊಡನೆ ಬೆರಸುವುದಕ್ಕಷ್ಟೇ ಉಪಯೋಗವಾಗುತ್ತಿದ್ದಿತು. ಸ್ಥಾಪಕರ ಮಗ ನೀಲಕಂಠ ರಾವ್ ಜಗದಾಳೆಯವರ ಕಾಲದಲ್ಲಿ, ಅವರ ಮಗ ರಕ್ಷಿತ್ ಇಂಗ್ಲೆಂಡಿನ ನ್ಯೂಕ್ಯಾಸಲಿನಲ್ಲಿ ಓದುತ್ತಿದ್ದಾಗ, ಭಾರತದ ಸಿಂಗಲ್ ಮಾಲ್ಟನ್ನು ಆ ದೇಶದಲ್ಲಿ ಮಾರಬಹುದೇ ಎಂಬ ವಿಷಯವನ್ನೇ ಪ್ರಬಂಧಕ್ಕೆ ಎತ್ತಿಕೊಂಡರು. ಗ್ಲ್ಯಾಸ್ಗೋ ನಗರದ ಮದ್ಯಗೃಹದಲ್ಲಿ ಹೆಸರು ಹೇಳದೆ ರುಚಿ ತೋರಿಸಿದಾಗ, ಕುಡಿದು ನೋಡಿದವರು ಅದನ್ನು ಸ್ಕಾಟ್ಲೆಂಡಿನದೇ ಎಂದು ಭಾವಿಸಿದರೆಂದು ಸಂಸ್ಥೆಯವರು ಹೇಳುವರು. ೨೦೦೪ರ ಆಗಸ್ಟ್ ೨೪ರಂದು ಅದೇ ಗ್ಲ್ಯಾಸ್ಗೋದಲ್ಲಿ ಅಮೃತ್ ಸಿಂಗಲ್ ಮಾಲ್ಟ್ ಮೊದಲ ಬಾರಿಗೆ ಮಾರಾಟಕ್ಕೆ ಬಂದಿತು. ಭಟ್ಟಿಯಿದ್ದ ಬೆಂಗಳೂರಿಗೆ ಬಂದುದು ೨೦೧೦ರಲ್ಲಿ. ಆ ವರ್ಷದ ತನ್ನ ವಾರ್ಷಿಕ ಗ್ರಂಥದಲ್ಲಿ ಇಂಗ್ಲಿಷ್ ವಿಮರ್ಶಕ ಜಿಮ್ ಮರ್ರೆಯು ಈ ಸಂಸ್ಥೆಯ ‘ಫ್ಯೂಷನ್’ ಎಂಬ ವಿಸ್ಕಿಗೆ ೧೦೦ಕ್ಕೆ ೯೭ ಅಂಕಗಳನ್ನು ಕೊಟ್ಟು, ಲೋಕದಲ್ಲಿ ಮೂರನೆಯದೆಂದು ಗಣಿಸಿದನು. ಭಾರತದ ಬಾರ್ಲಿಯೊಡನೆ ಸ್ಕಾಟ್ಲೆಂಡಿನಿಂದ ತರಿಸಿದ, ಪೀಟಿನ ಹೊಗೆಯುಂಡ ಬಾರ್ಲಿಯನ್ನು ಕೂಡಿಸಿ ಮಾಡಿದುದು ಅದು. ಹೊಗೆಯನ್ನೂ ಹಡಗಿನಲ್ಲಿ ತರಿಸಬೇಕಾಯಿತೆಂಬುದು ಸ್ವಾರಸ್ಯದ ಸಂಗತಿ.

ಉಪಾಧ್ಯಾಯರಾದ ನಾವು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಹೆಸರು ಮರೆಸಿ ರುಚಿ ನೋಡುವ ಪದ್ಧತಿಯು, ಉತ್ತರಪತ್ರಿಕೆಯಲ್ಲಿ ಹೆಸರಿನ ಬದಲು ಸಂಖ್ಯೆಯನ್ನು ಬರೆಸಿ ಅಂಕ ಕೊಡುವ ನಮ್ಮ ಪದ್ಧತಿಯೇ. ಸೀಸೆಯ ಮೇಲಿನ ಊರಿನ ಹೆಸರು ಕಾಣುತ್ತಿದ್ದರೆ ‘ಬೆಂಗಳೂರಿನ ವಿಸ್ಕಿಯೇ!’ ಎಂದು ನಕ್ಕುಬಿಡುತ್ತಿದ್ದವರು, ಹೆಸರು ಕಾಣದಿದ್ದಾಗ ನ್ಯಾಯವಾದ ತೀರ್ಪನ್ನು ಕೊಟ್ಟರು. ಇಂತಹ ಬೀದಿಯವನು, ಇಂತಹವನ ಮಗನು ಎಂಬುದನ್ನು ಮೊದಲು ಕೇಳಿ ಆಮೇಲೆ ಬುದ್ಧಿಯನ್ನು ಅಳೆಯುವವರಿಗೆಲ್ಲ ಇದರಲ್ಲಿ ಒಂದು ಪಾಠವುಂಟು.

ಇನ್ನು ಬಿಸಿಲಿನ ಮಾತು. ಮರದ ಪೀಪಾಯಿ ಉಸಿರಾಡುವುದು. ಬಿಸಿ ಏರಿದಾಗ ಒಳಗಿನ ದ್ರವ ಹಿಗ್ಗಿ ಮರದ ಸೂಕ್ಷ್ಮರಂಧ್ರಗಳಿಗೆ ನುಗ್ಗುವುದು. ತಣಿದಾಗ ಮರದ ಗುಣವನ್ನು ಹೊತ್ತು ಹಿಂದಕ್ಕೆ ಬರುವುದು. ಈ ನಡುವೆ ಒಂದಿಷ್ಟು ಆವಿಯಾಗಿ ಗಾಳಿಗೆ ಸೇರಿಹೋಗುವುದು. ಸ್ಕಾಟ್ಲೆಂಡಿನವರು ಅದನ್ನು ‘ದೇವತೆಗಳ ಪಾಲು’ ಎಂದು ಕರೆದು ಸಮಾಧಾನ ಮಾಡಿಕೊಂಡಿರುವರು. ಅಲ್ಲಿಯ ದೇವತೆಗಳು ಮಿತಾಹಾರಿಗಳು. ವರ್ಷಕ್ಕೆ ನೂರಕ್ಕೆ ಸುಮಾರು ೨ ಭಾಗ ಮಾತ್ರ ತೆಗೆದುಕೊಳ್ಳುವರು. ಸಮುದ್ರಮಟ್ಟದಿಂದ ಸುಮಾರು ೩,೦೦೦ ಅಡಿ ಎತ್ತರದಲ್ಲಿರುವ ಬೆಂಗಳೂರು ನಮ್ಮ ಕೊಯಮತ್ತೂರಿಗಿಂತ ತಂಪೆನಿಸಿದರೂ, ಅಲ್ಲಿಯ ದೇವತೆಗಳು ನೂರಕ್ಕೆ ೧೦ರಿಂದ ೧೨ ಭಾಗ ಕಬಳಿಸುವರು. ನೂರು ಲೀಟರನ್ನು ಎಂಟು ವರ್ಷ ಇಟ್ಟರೆ ಸ್ಕಾಟ್ಲೆಂಡಿನಲ್ಲಿ ೮೫ ಲೀಟರು ಉಳಿಯುವುದು. ಬೆಂಗಳೂರಿನಲ್ಲಿ, ೧೧ರಂತೆ ಲೆಕ್ಕ ಹಾಕಿದರೆ, ೩೯ ಮಾತ್ರ. ಹನ್ನೆರಡು ವರ್ಷ ಇಡುವ ಧೈರ್ಯ ಮಾಡಿದರೆ ೨೫ಕ್ಕೂ ಕಡಿಮೆ. ೨೦೧೩ರಲ್ಲಿ ಎಂಟು ವರ್ಷ ಬಲಿಸಿದ ವಿಸ್ಕಿಯೊಂದನ್ನು ಹೊರತಂದಾಗ ಸಂಸ್ಥೆಯವರು ಅದಕ್ಕೆ ‘ಗ್ರೀಡಿ ಏಂಜಲ್ಸ್’, ಅಂದರೆ ‘ದುರಾಸೆಯ ದೇವತೆಗಳು’, ಎಂದೇ ಹೆಸರಿಟ್ಟರು.

ವ್ಯಾಪಾರಿಯ ಕಣ್ಣಿಗೆ ಇದು ಶುದ್ಧ ನಷ್ಟ. ಆದರೆ ಬಲಿಯುವಿಕೆಯೂ ಅದೇ ವೇಗದಲ್ಲಿ ನಡೆಯುವುದು. ಬೆಂಗಳೂರಿನ ಒಂದು ವರ್ಷ ಸ್ಕಾಟ್ಲೆಂಡಿನ ಮೂರು ವರ್ಷಕ್ಕೆ ಸಮವೆಂದು ಅಲ್ಲಿಯ ಕುಶಲರು ಅಂದಾಜು ಮಾಡಿರುವರು. ಮುದಿತನದ ಅಂಕೆಯನ್ನೇ ಹಿರಿಮೆಯೆಂದು ಸೀಸೆಯ ಮೇಲೆ ಅಚ್ಚುಹಾಕುವ ಲೋಕಕ್ಕೆ, ನಾಲ್ಕೈದು ವರ್ಷದ ವಿಸ್ಕಿಯೂ ಪ್ರೌಢವಾಗಿರಬಲ್ಲುದೆಂದು ತೋರಿಸಿದುದು ನಮ್ಮ ಬಿಸಿಲು. ಈ ಸಂಸ್ಥೆಯ ಇನ್ನೊಂದು ವಿಸ್ಕಿಯು ಶೆರ್ರಿಯ ಪೀಪಾಯಿ, ಬೆಂಗಳೂರು ನೀಲಿ ದ್ರಾಕ್ಷಿಯ ಬ್ರಾಂದಿಯ ಪೀಪಾಯಿ, ರಮ್ಮಿನ ಪೀಪಾಯಿ, ಈ ಮೂರರಲ್ಲಿಯೂ ವಾಸವಾಗಿದ್ದು ಹೊರಬರುವುದು. ಅದರ ಹೆಸರು ‘ಕದಂಬಂ’. ಕೊಯಮತ್ತೂರಿನ ಹೂವಿನ ಅಂಗಡಿಯಲ್ಲಿ ಹಲವು ಬಣ್ಣದ ಹೂಗಳನ್ನು ಸೇರಿಸಿ ಕಟ್ಟಿದ ಮಾಲೆಗೆ ಏನೆನ್ನುವರೆಂದು ನಮ್ಮ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಕನ್ನಡನಾಡಿನ ಸರಕಿಗೆ ತಮಿಳಿನ ಹೆಸರು. ಎರಡು ಭಾಷೆಗಳ ನಡುವೆ ಬಾಳುವ ನಮಗೆ ಅದು ಅರ್ಥವಾಗದುದಲ್ಲ.

ನೀಲಕಂಠ ರಾವ್ ಜಗದಾಳೆಯವರು ೨೦೧೯ರ ಮೇ ೯ರಂದು ತೀರಿಕೊಂಡರು. ಕೊರತೆಯಿಂದ ಹುಟ್ಟಿದ ಹೊಗೆ, ಕಸವಾಗಿದ್ದ ಪೀಪಾಯಿ, ನಷ್ಟವೆನಿಸಿದ್ದ ಬಿಸಿಲು, ಈ ಮೂರರ ಚರಿತ್ರೆಯೂ ಇಲ್ಲಿಗೆ ಒಂದು ಬಟ್ಟಲಿನಲ್ಲಿ ಕೂಡಿತು. ಇಷ್ಟರಲ್ಲಿಯೇ ಲೇಖನವನ್ನು ಮುಗಿಸಿದರೆ ‘ಹೆಮ್ಮೆ’ ಎಂದು ಉತ್ತರ ಹೇಳಿಬಿಡಬಹುದು. ಆದರೆ ಪ್ರಶ್ನೆ ಕೇಳಿದವನು ಬೆಂಗಳೂರಿನವನಲ್ಲ, ನಮ್ಮ ಬೀದಿಯವನು. ನಮ್ಮ ಜಿಲ್ಲೆಯ ಕಡತದಲ್ಲಿ ಇದೇ ವಿಷಯಕ್ಕೆ ಬೇರೆಯ ಪುಟಗಳುಂಟು.

೫

ಹದಿನೇಳನೆಯ ಶತಮಾನದಿಂದ ೧೭೯೯ರವರೆಗೆ ಕೊಯಮತ್ತೂರು ಸೀಮೆ ಬಹುಮಟ್ಟಿಗೆ ಮೈಸೂರಿನವರ ಆಳ್ವಿಕೆಯಲ್ಲಿದ್ದು, ಟಿಪ್ಪುವಿನ ಪತನಾನಂತರ ಇಂಗ್ಲಿಷ್ ಕಂಪೆನಿಯ ವಶವಾಯಿತು. ಇಲ್ಲಿಯ ಜನರ ಪಾನೀಯ ತಾಳೆಯ ಮತ್ತು ತೆಂಗಿನ ಕಳ್ಳು. ೧೮೮೬ರ ಮದ್ರಾಸು ಅಬಕಾರಿ ಕಾಯಿದೆ ಕಳ್ಳು ಸಾರಾಯಿಗಳ ತಯಾರಿಕೆ ಮಾರಾಟಗಳನ್ನೆಲ್ಲ ಸರ್ಕಾರದ ಅಂಕೆಗೆ ತಂದಿತು. ಕುಡಿತವು ಬೊಕ್ಕಸದ ಮುಖ್ಯ ಆದಾಯಗಳಲ್ಲಿ ಒಂದಾಯಿತು.

ಅದರ ವಿರುದ್ಧ ಎದ್ದ ಮೊದಲ ದೊಡ್ಡ ದನಿಗಳಲ್ಲಿ ಕನ್ನಡ ಮನೆಮಾತಿನವರದೂ ಒಂದು. ಈರೋಡು ಆಗ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಅಲ್ಲಿಯ ಇ. ವೆ. ರಾಮಸ್ವಾಮಿ ನಾಯ್ಕರ್, ಮುಂದೆ ಪೆರಿಯಾರ್ ಎಂದು ಪ್ರಸಿದ್ಧರಾದವರು, ೧೯೨೧ರಲ್ಲಿ ಕಳ್ಳಂಗಡಿಗಳ ಮುಂದೆ ಸತ್ಯಾಗ್ರಹ ಹೂಡಿದರು. ತಮ್ಮ ತೋಟದ ಐನೂರಕ್ಕೂ ಮಿಕ್ಕ ತೆಂಗಿನ ಮರಗಳನ್ನು ಕಳ್ಳಿಗೆ ಆಸ್ಪದವಾಗಬಾರದೆಂದು ಕಡಿಸಿದರೆಂಬ ಸಂಗತಿ ಪ್ರಸಿದ್ಧವಾಗಿದೆ. ಅವರು ಸೆರೆಮನೆಗೆ ಹೋದಾಗ ಪತ್ನಿ ನಾಗಮ್ಮಾಳ್ ಮತ್ತು ಸೋದರಿ ಕಣ್ಣಮ್ಮಾಳ್ ಬೀದಿಗಿಳಿದು ಹೋರಾಟವನ್ನು ನಡೆಸಿದರು. ಮುಂದೆ ಪಾನನಿರೋಧದ ಕಾಯಿದೆಯನ್ನು ಪೆರಿಯಾರರೇ ಟೀಕಿಸಿದರೆಂಬುದೂ ಚರಿತ್ರೆಯ ಮಾತೇ, ಅದನ್ನು ಮುಚ್ಚಿಡಬೇಕಾಗಿಲ್ಲ.

ರಾಜಾಜಿಯವರು ಮದ್ರಾಸಿನ ಪ್ರಧಾನಿಯಾಗಿದ್ದಾಗ ೧೯೩೭ರ ಅಕ್ಟೋಬರ್ ೧ರಂದು ನೆರೆಯ ಸೇಲಂ ಜಿಲ್ಲೆಯಲ್ಲಿ ಪಾನನಿರೋಧ ಜಾರಿಗೆ ಬಂದಿತು. ಬೊಕ್ಕಸಕ್ಕೆ ತಪ್ಪಿದ ಆದಾಯವನ್ನು ತುಂಬಿಕೊಳ್ಳಲು ೧೯೩೯ರಲ್ಲಿ ಮಾರಾಟ ತೆರಿಗೆಯನ್ನು ಹಾಕಿದರು. ಇಂದು ನಾವು ಅಂಗಡಿಯಲ್ಲಿ ಕೊಡುವ ತೆರಿಗೆಗೆ ಮೂಲಗಳಲ್ಲೊಂದು ಸೇಲಂ ಜಿಲ್ಲೆಯ ಮುಚ್ಚಿದ ಕಳ್ಳಂಗಡಿ ಎಂಬುದನ್ನು ಅರ್ಥಶಾಸ್ತ್ರದ ಪಾಠದಲ್ಲಿ ಹೇಳಬಹುದು. ೧೯೪೮ರ ಅಕ್ಟೋಬರ್ ೨ರಂದು ಪಾನನಿರೋಧ ಇಡೀ ಮದ್ರಾಸು ಪ್ರಾಂತಕ್ಕೆ ವ್ಯಾಪಿಸಿತು. ಕೊಳ್ಳೇಗಾಲವೂ ಆ ಕಾಯಿದೆಗೆ ಒಳಗಾಯಿತು. ೧೯೫೬ರ ನವೆಂಬರ್ ೧ರವರೆಗೆ ಅದು ಕೊಯಮತ್ತೂರು ಜಿಲ್ಲೆಯ ತಾಲ್ಲೂಕು.

ವರ್ಷವನ್ನು ವಾಚಕರು ಗಮನಿಸಿರಬೇಕು. ಬೆಂಗಳೂರಿನಲ್ಲಿ ಅಮೃತ್ ಸಂಸ್ಥೆ ಹುಟ್ಟಿದುದೂ ೧೯೪೮ರಲ್ಲಿ. ನಮ್ಮ ಜಿಲ್ಲೆಯ ಅಂಗಡಿಗಳಿಗೆಲ್ಲ ಬೀಗ ಬಿದ್ದುದೂ ೧೯೪೮ರಲ್ಲಿ. ದಿಂಬಂ ಘಟ್ಟದ ಆಚೆ ಒಂದು ಬಾಗಿಲು ತೆರೆಯಿತು. ಈಚೆ ಒಂದು ಬಾಗಿಲು ಮುಚ್ಚಿತು. ಎರಡಕ್ಕೂ ಒಂದಕ್ಕೊಂದು ಸಂಬಂಧವಿಲ್ಲ. ಆದರೂ ನಮ್ಮಂತೆ ಎರಡು ಕಡೆಯ ಬಾಂಧವ್ಯವಿರುವವರಿಗೆ ಎರಡೂ ನಮ್ಮವೇ.

ಮುಚ್ಚಿದ ಬಾಗಿಲು ಮುಚ್ಚಿಯೇ ಉಳಿಯಲಿಲ್ಲ. ೧೯೭೧ರಲ್ಲಿ ಪಾನನಿರೋಧವನ್ನು ಸಡಿಲಿಸಿದರು, ಕೆಲವೇ ವರ್ಷಗಳಲ್ಲಿ ಮತ್ತೆ ಬಿಗಿಗೊಳಿಸಿದರು, ಮತ್ತೆ ಸಡಿಲಿಸಿದರು. ೧೯೮೩ರಲ್ಲಿ ರಾಜ್ಯ ಸರ್ಕಾರದ ತಾಸ್ಮಾಕ್ ಸಂಸ್ಥೆ ಸಗಟು ಮಾರಾಟಕ್ಕಾಗಿ ಹುಟ್ಟಿತು. ೧೯೮೭ರಲ್ಲಿ ಕಳ್ಳು ನಿಷಿದ್ಧವಾಯಿತು. ೨೦೦೩ರಲ್ಲಿ ಚಿಲ್ಲರೆ ಅಂಗಡಿಗಳೂ ತಾಸ್ಮಾಕಿನ ವಶವಾದುವು. ಹೀಗೆ ತಾಳೆಮರದ ಕಳ್ಳು ಅಪರಾಧವಾಗಿಯೂ ಕಾರ್ಖಾನೆಯ ಸೀಸೆ ಸರ್ಕಾರದ ವ್ಯಾಪಾರವಾಗಿಯೂ ಮಾರ್ಪಟ್ಟುವು. ೨೦೧೭ರ ಏಪ್ರಿಲಿನಲ್ಲಿ ತಿರುಪ್ಪೂರು ಜಿಲ್ಲೆಯ ಸಾಮಳಾಪುರದಲ್ಲಿ ಮದ್ಯದಂಗಡಿ ಬೇಡವೆಂದು ರಸ್ತೆಯಲ್ಲಿ ಕುಳಿತ ಜನರ ಮೇಲೆ ಪೊಲೀಸರ ಲಾಠಿ ಬಿದ್ದಿತು; ಹೆಂಗಸೊಬ್ಬಳ ಕೆನ್ನೆಗೆ ಅಧಿಕಾರಿಯ ಕೈಯ ಪೆಟ್ಟು ಬಿದ್ದುದನ್ನು ದೇಶವೆಲ್ಲ ಚಿತ್ರದಲ್ಲಿ ಕಂಡಿತು. ನಾಗಮ್ಮಾಳ್, ಕಣ್ಣಮ್ಮಾಳರು ಬೀದಿಗಿಳಿದು ಆ ಹೊತ್ತಿಗೆ ತೊಂಬತ್ತೈದು ವರ್ಷಗಳಾಗಿದ್ದುವು. ಬೇಡಿಕೆ ಮಾತ್ರ ಹಳೆಯದೇ.

ಈ ಹೆಂಗಸರಲ್ಲಿ ಯಾರೂ ಪೀಟಿನ ಹೊಗೆಯನ್ನಾಗಲಿ ಹೆರೆಸಿನ ಪೀಪಾಯಿಯನ್ನಾಗಲಿ ಬಲ್ಲವರಲ್ಲ. ಅವರ ಮನೆಗೆ ಬಂದ ಸೀಸೆಯಲ್ಲಿದ್ದುದು ಕಾಕಂಬಿಯ ಅಗ್ಗದ ಸಾರ. ಅದನ್ನು ಯಾರೂ ಮೂಸಿ ನೋಡುವುದಿಲ್ಲ, ನೀರು ಬೆರಸಿ ಕಾಯುವುದಿಲ್ಲ. ಕುಡಿದವನಿಗೆ ಅದರ ರುಚಿಯೇ ಬೇಕಾಗಿಲ್ಲ. ಬೆಂಗಳೂರಿನ ಬಟ್ಟಲೂ ಈ ಸೀಸೆಯೂ ಒಂದೇ ಕುಲದವು. ಅದನ್ನು ಮರೆತು ಬಟ್ಟಲನ್ನಷ್ಟೇ ಹೊಗಳಿದರೆ ಚರಿತ್ರಕಾರನ ಕೆಲಸ ಅರ್ಧವಾಗುವುದು. ಸೀಸೆಯ ಮೇಲಿನ ಕೋಪದಿಂದ ಬಟ್ಟಲಿನ ಹಿಂದಿರುವ ಐದುನೂರು ವರ್ಷದ ಕುಶಲತೆಯನ್ನು ಅಲ್ಲಗಳೆದರೂ ಅಷ್ಟೇ.

೬

ಊರಿಗೆ ಮರಳಿದ ಮೇಲಿನ ಭಾನುವಾರ, ತರಗತಿಯಲ್ಲಿ ಆ ಹುಡುಗನನ್ನು ಕರೆದು, “ಅಂದು ನೀನು ಕೇಳಿದ್ದು ಒಳ್ಳೆಯ ಪ್ರಶ್ನೆ. ಉತ್ತರ ಹೇಳದೆ ಕುಳ್ಳಿರಿಸಿದ್ದು ನನ್ನ ತಪ್ಪು” ಎಂದೆನು. ಮೇಲೆ ಬರೆದುದನ್ನೆಲ್ಲ ಮಕ್ಕಳಿಗೆ ತಕ್ಕಂತೆ ಹೇಳಿದೆನು. ಅನಂತರ ಕಪ್ಪುಹಲಗೆಯ ಮೇಲೆ ‘೧೦೦’ ಎಂದು ಬರೆದು, ವರ್ಷಕ್ಕೆ ನೂರಕ್ಕೆ ೧೧ರಂತೆ ದೇವತೆಗಳು ಕುಡಿಯುತ್ತ ಬಂದರೆ ಎಂಟು ವರ್ಷಕ್ಕೆ ಎಷ್ಟು ಉಳಿಯುವುದೆಂದು ಕಂಡುಹಿಡಿಯಲು ಹೇಳಿದೆನು. ೮೯, ೭೯, ೭೦, ೬೩ ಎಂದು ಮಕ್ಕಳು ಕೂಗುತ್ತ ಬಂದು ೩೯ರಲ್ಲಿ ನಿಂತರು.

ತರಗತಿ ಮುಗಿದು ಎಲ್ಲರೂ ಹೋದ ಮೇಲೆ ನೋಡುತ್ತೇನೆ, ಹುಡುಗನು ಹಲಗೆಯ ಮೂಲೆಯಲ್ಲಿ ಇನ್ನೊಂದು ಲೆಕ್ಕವನ್ನು ಹಾಕುತ್ತಿದ್ದನು. ಅದೂ ‘೧೦೦’ರಿಂದಲೇ ಆರಂಭವಾಗಿದ್ದಿತು, ಆದರೆ ಲೀಟರಲ್ಲ, ರೂಪಾಯಿ, ವರ್ಷವಲ್ಲ, ವಾರ. ನಾಲ್ಕನೆಯ ವಾರಕ್ಕೆ ಬರುವಷ್ಟರಲ್ಲಿಯೇ ಉಳಿದುದು ಬೆಂಗಳೂರಿನ ಎಂಟು ವರ್ಷದ ಪೀಪಾಯಿಗಿಂತ ಕಡಿಮೆಯಾಗಿದ್ದಿತು. ನನ್ನನ್ನು ಕಂಡು ಅಳಿಸಲು ಹೋದನು. “ಇರಲಿ ಮಗು, ಅದನ್ನೂ ನಿನ್ನ ಪುಸ್ತಕದಲ್ಲಿ ಬರೆದುಕೋ” ಎಂದೆನು.

ಹೆಮ್ಮೆಯೋ ನಾಚಿಕೆಯೋ ಎಂಬುದಕ್ಕೆ ನನ್ನಲ್ಲಿರುವ ಉತ್ತರ ಇಷ್ಟೆ. ಕೊರತೆಯನ್ನು ಗುಣವಾಗಿಸಿದ ಕೈಗೂ ನಷ್ಟವನ್ನು ಎದುರಿಸಿ ನಿಂತ ಧೈರ್ಯಕ್ಕೂ, ಅವು ಯಾವ ವಸ್ತುವಿನಲ್ಲಿ ಕಂಡರೂ, ಮರ್ಯಾದೆ ಸಲ್ಲಬೇಕು. ಅದರೊಡನೆಯೇ ಗಾಳಿಗೆ ಹೋದುದರ ಲೆಕ್ಕವನ್ನೂ ಇಡಬೇಕು. ಭಟ್ಟಿಮನೆಯವರು ತಮ್ಮ ಪೀಪಾಯಿಯಿಂದ ಹೋದ ಒಂದೊಂದು ಭಾಗವನ್ನೂ ಅಳೆದು ಬರೆದಿಡುವರು. ನಮ್ಮ ಬೀದಿಗಳ ಮನೆಗಳಿಂದ ಹೋದುದನ್ನು ಇದುವರೆಗೆ ಬರೆದಿಟ್ಟವರಿಲ್ಲ. ಅದು ಆ ಹುಡುಗನ ಲೆಕ್ಕದ ಪುಸ್ತಕದಿಂದ ಆರಂಭವಾಗಲಿ.